ಅಕ್ಕ ಕೊಟ್ಟ ತುಂಡು

ಗಟ್ಟಿ, ಮೊದಲು ಬರೀ ಗಟ್ಟಿ, ಹಲ್ಲೂರಿದ ಮೇಲೆ ಬಿರಿದು ಪುಡಿಯಾಗುತ್ತದೆ, ಆಮೇಲೆ ನಾಲಿಗೆಯ ಬುಡದಲ್ಲಿ ಚುರುಕ್ಕೆನ್ನುವ ಹುಳಿ, ಮೂಗಿನ ತನಕ ಏರುತ್ತದೆ, ನಡುವೆ ಉಪ್ಪಿನ ಹರಳಿನಂಥದ್ದೇನೋ ಕಟಕ್ಕೆನ್ನುತ್ತದೆ, ಚೆನ್ನಾಗಿಯೇ ಇದೆ, ಚೆನ್ನಾಗಿದೆ ಎನ್ನುವುದೇ ಈಗ ಕಷ್ಟ — ಐರ್ಲೆಂಡಿಂದು ಮೇಡಂ, ಹಸುವಿನ ಹಾಲಿನ ಚೀಸು, ವರ್ಷಕ್ಕಿಂತ ಜಾಸ್ತಿ ಮಾಗಿಸಿರೋದು, ಒಂದ್ಸಲ ರುಚಿ ನೋಡಿ ಮೇಡಂ — ಮೇಡಂ ಅಂದಳಲ್ಲ ಅಕ್ಕ, ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕ, ತಂಗಿಯನ್ನು ಚೋಟು ಎಂದಲ್ಲದೆ ಬೇರೆ ಹೆಸರಿನಿಂದ ಕರೆದು ಗೊತ್ತಿಲ್ಲದವಳು, ಮದುವೆಯ ದಿನ ತುಂಬಿದ ಸಭೆಯಲ್ಲೂ ಚೋಟೂ ಎಂದು ಕೂಗಿ ಎಲ್ಲರನ್ನೂ ನಗಿಸಿದವಳು, ಇವತ್ತು ಈ ದೊಡ್ಡ ಅಂಗಡಿಯ ಚೀಸಿನ ಕೌಂಟರಿನ ಹಿಂದೆ ನಿಂತು, ತಲೆಗೆ ಬಿಳಿ ಟೋಪಿ, ಮೈಗೆ ಹಸಿರು ಏಪ್ರನ್ನು, ಕೈಗೆ ಪ್ಲಾಸ್ಟಿಕ್ ಗವಸು ಹಾಕಿಕೊಂಡು, ಕಡ್ಡಿ ಚುಚ್ಚಿದ ತುಂಡುಗಳ ತಟ್ಟೆ ಚಾಚಿ ಮೇಡಂ ಅಂದಳು. ಇವಳು, ಈ ದೊಡ್ಡ ಮೇಡಮ್ಮು, ಥ್ಯಾಂಕ್ಸ್ ಅಂದಳು. ಹುಟ್ಟಿದಾಗಿನಿಂದ ಅಕ್ಕನಿಗೆ ಥ್ಯಾಂಕ್ಸ್ ಎಂದವಳಲ್ಲ, ದಿನಾ ಜಡೆ ಹಾಕಿ ಶಾಲೆಗೆ ಕಳಿಸಿದಾಗ ಅಂದಿಲ್ಲ, ಮಗಳು ಹುಟ್ಟಿದಾಗ ತಿಂಗಳುಗಟ್ಟಲೆ ಬಂದು ನಿಂತು ಮಗುವನ್ನು ಹೆಗಲಿಂದ ಇಳಿಸದೆ ನೋಡಿಕೊಂಡಾಗ ಅಂದಿಲ್ಲ, ಅಕ್ಕಂದಿರಿಗೆ ಯಾರಾದರೂ ಥ್ಯಾಂಕ್ಸ್ ಅನ್ನುತ್ತಾರೆಯೇ, ಅಂದದ್ದು ಇವತ್ತೇ, ಅದೂ ಗುರುತಿಲ್ಲದವರಿಗೆ ಅನ್ನುವ ದನಿಯಲ್ಲಿ. ಮತ್ತೆ ಆ ಕೈ. ತುಟಿಯ ಮೂಲೆಗೆ ಚೀಸಿನ ಪುಡಿ ಅಂಟಿತ್ತೇನೋ, ಅಕ್ಕನ ಬಲಗೈ ತನ್ನಷ್ಟಕ್ಕೆ ಮೇಲೆದ್ದಿತು, ಹೆಬ್ಬೆರಳು ಮುಂದಾಗಿ, ಚಿಕ್ಕಂದಿನಿಂದ ಈ ಬಾಯಿಯನ್ನು ಒರೆಸಿ ಒರೆಸಿ ರೂಢಿಯಾದ ಕೈ, ಅರ್ಧಕ್ಕೆ ನಿಂತುಬಿಟ್ಟಿತು, ಗಾಳಿಯಲ್ಲಿ. ಆಮೇಲೆ ಪಕ್ಕಕ್ಕೆ ಸರಿದು ಟಿಶ್ಯೂ ಒಂದನ್ನು ಎತ್ತಿಕೊಂಡಿತು, ತಗೊಳ್ಳಿ ಮೇಡಂ. ಆ ಟಿಶ್ಯೂ ಇನ್ನೂ ಇವಳ ಮುಷ್ಟಿಯಲ್ಲೇ ಇದೆ, ಬಾಯಿ ಒರೆಸಿಕೊಂಡಿಲ್ಲ.

ತಳ್ಳುಗಾಡಿ ಮುಂದೆ ಹೋಗುತ್ತಿದೆ, ಒಂದು ಚಕ್ರ ಕುಂಟುತ್ತಿದೆ, ಗಾಡಿಯನ್ನು ತಳ್ಳುತ್ತಿರುವವರು ಬೀಗಿತ್ತಿ, ಇನ್ನೂ ಬೀಗಿತ್ತಿಯಾಗಿಲ್ಲ, ಆಗಲಿರುವವರು, ಇವಳ ಮಗಳನ್ನು ಸೊಸೆ ಮಾಡಿಕೊಳ್ಳಲಿರುವವರು, ಹಲ್ಲಿನ ಡಾಕ್ಟರು, ಯಾರು ನಕ್ಕರೂ ಮೊದಲು ಹಲ್ಲು ನೋಡುತ್ತಾರೆ. ಭಾನುವಾರ ಎರಡೂ ಮನೆಯವರು ಒಟ್ಟಿಗೆ ಕೂತು ಊಟ ಮಾಡುವುದು, ಸಾಮಾನು ಇಬ್ಬರೂ ಸೇರಿ ತರೋಣ ಬನ್ನಿ, ಮಾತಾಡಿದ ಹಾಗೂ ಆಗುತ್ತೆ ಅಂದರು, ಕಾರು ಈ ರಸ್ತೆಗೆ ತಿರುಗಿದಾಗ ಇವಳು ಬೇಡಿಕೊಂಡಳು, ದೇವರೇ ಇವತ್ತು ಅಕ್ಕನಿಗೆ ರಜೆ ಇರಲಿ. ಅವರಿಗೆ ಹೇಳಿದ್ದೇನು, ನಮ್ಮಕ್ಕಂದು ಸ್ವಂತ ಅಂಗಡಿ, ಹೊಲಿಗೆಯದು, ಒಳ್ಳೊಳ್ಳೆ ಮನೆಯವರು ಹುಡುಕಿಕೊಂಡು ಬರ್ತಾರೆ — ಪೂರ್ತಿ ಸುಳ್ಳೇನಲ್ಲ, ಅಂಗಡಿ ಇತ್ತು, ಬರುತ್ತಿದ್ದರು, ಸಿದ್ಧ ಉಡುಪು ಕೊಳ್ಳುವವರು ಹೆಚ್ಚಾದ ಮೇಲೆ ಬರುವುದು ನಿಂತಿತು, ಹೋದ ವರ್ಷ ಬಾಗಿಲು ಹಾಕಿತು, ಅದೊಂದು ಮಾತು ಬಾಯಿಂದ ಹೊರಡಲಿಲ್ಲ ಅಷ್ಟೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಅಮ್ಮ ಯಾರ್ಯಾರನ್ನೋ ಆಡಿಕೊಳ್ಳುತ್ತಿದ್ದಳು, ಮಲ್ಲಿಗೆ ಮುಡಿದವಳು ಮನೆಯಲ್ಲೇ ಬೆಳೆಯುತ್ತಿದ್ದಳು. ಕೆಲಸ ಸಿಕ್ಕ ದಿನ ಅಕ್ಕ ಫೋನು ಮಾಡಿದ್ದಳು, ಚೋಟು, ಕೆಲಸ ಸಿಕ್ತು ಕಣೆ, ದಿನವಿಡೀ ಚೀಸ್ ಕತ್ತರಿಸೋದು, ಕತ್ತರಿ ಹೋಗಿ ಚಾಕು ಬಂತು ನೋಡು, ನಗುತ್ತಿದ್ದಳು, ಇವಳು ಏನೆಂದಳು, ಆ ಅಂಗಡೀನೇ ಬೇಕಿತ್ತಾ ಅಕ್ಕ, ನಮ್ಮೋರೆಲ್ಲ ಅಲ್ಲಿಗೇ ಬರ್ತಾರೆ. ಅಕ್ಕ ಅಂದಳು, ನಿಮ್ಮೋರು ಬಂದ್ರೆ ಅವರಿಗೂ ಒಂದು ತುಂಡು ಕೊಡ್ತೀನಿ ಬಿಡು. ಕೊಟ್ಟಳು, ಮಾತು ಉಳಿಸಿಕೊಂಡಳು. ಆದರೂ ಮೊದಲು ಮೇಡಂ ಅಂದದ್ದು ಅವಳೇ ತಾನೇ, ಅವಳೇ ಬೇರೆಯವಳ ಹಾಗೆ ನಿಂತಳು, ಅವಳೇ ಶುರು ಮಾಡಿದ ಮೇಲೆ ಇವಳು ಹೇಗೆ — ಇಲ್ಲ, ಹಾಗಲ್ಲ, ಯಾರೂ ಕೇಳದ ಕಡೆಯೂ ಸುಳ್ಳೇಕೆ, ಮೊದಲು ಅಕ್ಕನ ಮುಖ ಅರಳಿತ್ತು, ತುಟಿ ಚೋ ಎನ್ನಲು ದುಂಡಗಾಗಿತ್ತು, ಅದನ್ನು ಕಂಡು ಇವಳು ಜಾಮಿನ ಬಾಟಲಿಗಳ ಕಡೆ ತಿರುಗಿದಳು, ಬೆಲೆ ಓದುವವಳ ಹಾಗೆ, ಆಮೇಲೆ, ಅದಾದ ಮೇಲೆಯೇ ಅಕ್ಕ ಮೇಡಂ ಅಂದದ್ದು. ತಂಗಿಗೆ ಏನು ಬೇಕೆಂದು ನೋಡಿದೊಡನೆ ಅರ್ಥ ಮಾಡಿಕೊಂಡು ಅದನ್ನೇ ಕೊಟ್ಟಳು. ಥೂ, ನಿನ್ನ ಜನ್ಮಕ್ಕಿಷ್ಟು, ಎಂದು ಇವಳು ತನ್ನನ್ನೇ ಬೈದುಕೊಂಡಳು. ಬೈದುಕೊಳ್ಳುವುದು ಸುಲಭ, ಹಿಂದಕ್ಕೆ ನಡೆದು ಹೋಗುವುದು ಕಷ್ಟ.

ಆ ಚೀಸು ತಗೊಳ್ಳೋಣ ಕಣ್ರೀ, ಭಾನುವಾರಕ್ಕೆ, ನಂಗೆ ತುಂಬಾ ಹಿಡಿಸಿತು — ಬೀಗಿತ್ತಿ ಗಾಡಿ ನಿಲ್ಲಿಸಿದ್ದಾರೆ, ಬನ್ನಿ ವಾಪಸ್ ಹೋಗೋಣ — ಬಂತು, ಅವಕಾಶ ತಾನಾಗಿ ಕಾಲಿಗೆ ತೊಡರಿತು, ಹೋಗಿ ಇವರು ನಮ್ಮಕ್ಕ ಅಂದರೆ ಮುಗಿಯಿತು, ಎರಡೇ ಮಾತು, ಆಗ ಯಾಕೆ ಹೇಳಲಿಲ್ಲ ಎಂದರೆ ತಮಾಷೆ ಮಾಡಿದೆವು ಅನ್ನಬಹುದು, ಅಕ್ಕ ತಮಾಷೆಯವಳೇ, ಸಂಭಾಳಿಸುತ್ತಾಳೆ — ನೀವು ಹೋಗಿ ತನ್ನಿ, ನಾನು ಬಿಲ್ಲಿನ ಸಾಲಲ್ಲಿ ನಿಂತಿರ್ತೀನಿ, ಸಾಲು ಬೆಳೀತಿದೆ. ಯಾರಂದದ್ದು ಅದು, ಇವಳೇ ಅಂದದ್ದು. ಸಾಲಿನಲ್ಲಿ ಇದ್ದವರು ಒಬ್ಬರೇ ಮುದುಕರು, ಹಾಲು ಮತ್ತು ಬ್ರೆಡ್ಡು ಹಿಡಿದವರು. ಇಲ್ಲಿಂದ ಕಾಣುತ್ತದೆ, ಬಿಳಿ ಟೋಪಿ, ಬೀಗಿತ್ತಿಯ ಬೆನ್ನು, ಅಕ್ಕ ಏನೋ ಹೇಳುತ್ತಿದ್ದಾಳೆ, ಬೀಗಿತ್ತಿ ನಗುತ್ತಿದ್ದಾರೆ, ಏನು ಹೇಳುತ್ತಿದ್ದಾಳೆ, ಹೇಳಿಬಿಟ್ಟಳೇ, ಹೇಳಿದರೆ ಒಳ್ಳೆಯದೇ, ಬೇಡ, ಹೇಳದಿರಲಿ, ಇವಳು ಅಕ್ಕನ ಕಡೆಯೇ ನೋಡುತ್ತಿದ್ದರೂ ಅಕ್ಕ ಇತ್ತ ಕಣ್ಣೆತ್ತುವುದಿಲ್ಲ, ಒಮ್ಮೆಯೂ. ಬಾಯಲ್ಲಿ ಹುಳಿ ಹಾಗೇ ಇದೆ, ನುಂಗಿದರೂ ಹೋಗುವುದಿಲ್ಲ. ಎಂಥ ಒಳ್ಳೆ ಹೆಂಗಸು ರೀ ಅವರು — ಬೀಗಿತ್ತಿ ಬಂದರು — ಪ್ಲಾಸ್ಟಿಕ್ಕಲ್ಲಿ ಸುತ್ತಬೇಡಿ, ಬೆವರುತ್ತೆ, ಕಾಗದದಲ್ಲಿಡಿ ಅಂದ್ರು, ಏನು ವಿಶೇಷ ಅಂತ ಕೇಳಿದ್ರು, ಮಗನ ಮದುವೆ ಮಾತು ಅಂದೆ, ಹುಡುಗಿ ಬಂಗಾರದಂಥವಳು ಅಂದೆ, ಪಾಪ, ಅವರಿಗೆ ಎಷ್ಟು ಸಂತೋಷ ಆಯ್ತು ಗೊತ್ತಾ, ಕಣ್ಣಲ್ಲಿ ನೀರು ಬಂತು. ಇದು ನಿಮಗೆ, ಜೊತೆಗೆ ಬಂದೋರಿಗೆ ಕೊಡಿ ಅಂತ ಅಂಚಿನಿಂದ ಬೇರೆಯಾಗಿ ಕೊಯ್ದು ಕೊಟ್ರು. ಅಂಚಿನ ತುಂಡು, ಒಣಗಿ ಬಣ್ಣ ಕಡುವಾದದ್ದು, ಬ್ರೆಡ್ಡಾದರೂ ಅಂಚು, ಕೇಕಾದರೂ ಅಂಚು, ಚೋಟುವಿಗೆ ಅಂಚೇ ಬೇಕು, ನಡುವಿನದು ನಾನು ತಿಂತೀನಿ ಬಿಡು ಎನ್ನುತ್ತಿದ್ದ ಅಕ್ಕ. ಬೀಗಿತ್ತಿ ನೋಡುತ್ತಿದ್ದಾರೆ, ತಿನ್ನಿ ತಿನ್ನಿ, ಬಾಯಿಗೆ ಹಾಕಿಕೊಂಡಳು, ಬಿಸಿ ತುಪ್ಪದ ಗತಿ, ಉಗುಳುವಂತಿಲ್ಲ, ನುಂಗುವಂತಿಲ್ಲ. ಚೆನ್ನಾಗಿದೆ ಅಂದಳು.

ಕಾರಿನಲ್ಲಿ ಚೀಲ ತೊಡೆಯ ಮೇಲೆ, ಕಾಗದ ಸುತ್ತಿದ ಗಟ್ಟಿ ತಣ್ಣನೆಯ ಇಟ್ಟಿಗೆ, ಸೀರೆಯ ಮೂಲಕ ತಣುಪು ತೊಡೆಗೆ ಇಳಿಯುತ್ತಿದೆ, ಕಿಟಕಿಯಾಚೆ ಔಷಧದ ಅಂಗಡಿ, ಕ್ಷೌರದಂಗಡಿ, ಬೀಗ ಹಾಕಿದ ಅಂಗಡಿಯೊಂದು, ಎಲ್ಲ ಬೀಗ ಹಾಕಿದ ಅಂಗಡಿಯೂ ಈಗ ಅಕ್ಕನದೇ, ಫೋನು ಅಲುಗಿತು. ಅಕ್ಕ. ಚೋಟು, ಭಾನುವಾರ ನಂಗೆ ಡ್ಯೂಟಿ ಬಿತ್ತು, ಬರೋಕಾಗಲ್ಲ, ಬೇಜಾರು ಮಾಡ್ಕೋಬೇಡ. ನಿಮ್ಮ ಬೀಗಿತ್ತಿ ಒಳ್ಳೆಯವರು, ನಮ್ಮ ಹುಡುಗಿ ಸುಖವಾಗಿರ್ತಾಳೆ. ಓದಿದಳು, ಓದಿದ ಕೂಡಲೇ ಅಬ್ಬ, ಅನ್ನಿಸಿತು, ಅಬ್ಬ ಅನ್ನಿಸಿತಲ್ಲ, ಸುಳ್ಳು ಹೇಳಿದಾಗ, ಮುಖ ತಿರುಗಿಸಿದಾಗ, ಸಾಲಿಗೆ ಓಡಿದಾಗ ಆಗದಷ್ಟು ನಾಚಿಕೆ ಈಗ ಆಯಿತು, ಅಕ್ಕ ಬರುವುದಿಲ್ಲ ಎಂದು ಕೇಳಿ ಹಗುರಾದವಳು ತಾನು, ಅಕ್ಕನಿಗೆ ಭಾನುವಾರ ಡ್ಯೂಟಿ ಇಲ್ಲವೆಂದು ಇವಳಿಗೆ ಗೊತ್ತು, ಆ ರಜೆಯನ್ನು ಅಕ್ಕ ಯಾವಾಗಲೋ ಕೇಳಿಕೊಂಡು ಪಡೆದಿದ್ದಳು, ಉಡಲು ನೀಲಿ ಸೀರೆ ಇಸ್ತ್ರಿ ಮಾಡಿಸಿಟ್ಟಿದ್ದಾಳೆ. ಯಾರದು, ಮಗಳಾ — ಬೀಗಿತ್ತಿ, ರಸ್ತೆಯ ಮೇಲಿನ ಕಣ್ಣು ತೆಗೆಯದೆ. ಅಲ್ಲ, ನಮ್ಮಕ್ಕ. ಓ, ಭಾನುವಾರ ಬರ್ತಾರಲ್ಲ ಅವರು, ನೋಡಬೇಕು ಅಂತಿದ್ದೆ. ಇಲ್ಲವಂತೆ, ಬಿಡುವಿಲ್ಲವಂತೆ, ಅಂಗಡಿ ಇರುತ್ತಲ್ಲ. ಮತ್ತೆ ಸುಳ್ಳು ಹೇಳಿದಳು, ನಾಲಿಗೆಗೆ ಅಂಚಿನ ತುಂಡಿನ ಉಪ್ಪು ಇನ್ನೂ ಅಂಟಿರುವಾಗಲೇ. ಅಯ್ಯೋ, ಹೌದಾ, ಪಾಪ, ಹಾಗಾದ್ರೆ ಒಂದು ಕೆಲಸ ಮಾಡೋಣ, ಈ ಚೀಸಲ್ಲಿ ಒಂದು ತುಂಡು ಅವರಿಗೂ ಎತ್ತಿಡಿ, ಅವರೂ ರುಚಿ ನೋಡಲಿ, ಇಂಥದ್ದು ತಿಂದಿರಲಿಕ್ಕಿಲ್ಲ. ಆಗಲಿ, ಎನ್ನಲು ಬಾಯಿ ತೆರೆದಳು, ಅಥವಾ ಬೇರೇನೋ ಅನ್ನಲು, ಏನೆಂದು ಅವಳಿಗೇ ತಿಳಿಯದು, ದೀಪ ಕೆಂಪಾಗಿ ಕಾರು ನಿಂತಿತು, ಬೀಗಿತ್ತಿ ತಿರುಗಿ, ತುಟಿ ಹತ್ರ ಏನೋ ಅಂಟಿದೆ ನೋಡಿ ಅಂದರು, ಅಂಟಿದೆ, ಇರಲಿ, ಅದನ್ನು ಒರೆಸಲು ಒಂದು ಕೈ ಬರುತ್ತಿತ್ತು, ಗವಸು ತೊಟ್ಟ ಅಕ್ಕನ ಕೈ, ಹೆಬ್ಬೆರಳು ಮುಂದಾಗಿ, ಬರುತ್ತಿದೆ, ಬಂದು ಅರ್ಧಕ್ಕೆ —