ಗೋಡೆ ಹಿಂದಿನ ಬಿಸಿನೀರು

"ಹೆತ್ತ ಕೂಸನ್ನ ತೊಳೆಯೋಕೆ ಬರದ ಕೊಳಕು ಮುಂಡೇವು! ನಿಮ್ಮ ಕೈಗೆ ಹೋಟೆಲಿನ ಬಿಳಿ ಚಾದರ ಕೊಟ್ಟಿದೀನಲ್ಲ, ನನಗೆ ಬುದ್ಧಿ ಇಲ್ಲ!"

ಹೋಟೆಲುಗಳ ಬಟ್ಟೆ ಒಗೆಯುವ ಕಾರ್ಖಾನೆಯ ಮ್ಯಾನೇಜರ್ ಕುರ್ಚಿಯಿಂದ ಏಳಲಿಲ್ಲ. ಒಂದು ಕೈಯಲ್ಲಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ದೂರ ದೂರ ಎಂದು ಸನ್ನೆ ಮಾಡುತ್ತಿದ್ದ. ಮೇಜಿನ ಈಚೆ ನೀರಜ್ಜಿಯ ಸೊಸೆ ಮಗುವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಹೆತ್ತು ತಿಂಗಳು ತುಂಬುವ ಮೊದಲೇ ಇಸ್ತ್ರಿ ಮೇಜಿಗೆ ಮರಳಿದವಳು. ಸೊಂಟ ಇನ್ನೂ ನೆಟ್ಟಗಾಗಿರಲಿಲ್ಲ. ಆಸ್ಪತ್ರೆಗೆ ಹೋಗಿ ಬರಲು ಅರ್ಧ ದಿನ ರಜೆ ಬೇಕಿತ್ತು. ಬಾಯಿಮಾತಿಗೆ ನಂಬುವುದಿಲ್ಲವೆಂದು ಮಗುವಿನ ಮೈಮೇಲಿನ ಬಟ್ಟೆ ಸರಿಸಿ ತೋರಿಸಿದ್ದಳು. ಕುತ್ತಿಗೆಯ ಮಡಿಕೆ, ಕಂಕುಳು, ತೊಡೆಸಂದು ಎಲ್ಲ ಕೆಂಪಗೆ ಬೆಂದ ಹಾಗಿತ್ತು. ಕೆಲವು ಕಡೆ ಚರ್ಮ ಈರುಳ್ಳಿ ಸಿಪ್ಪೆಯಂತೆ ಎದ್ದಿತ್ತು.

"ಇದು ಅಂಟುರೋಗ. ಹೋಟೆಲಿನವರ ಕಿವಿಗೆ ಬಿದ್ರೆ ಒಂದು ದಿಂಬಿನ ಚೀಲಾನೂ ಕಳಿಸಲ್ಲ. ಯಾರು ಇದಕ್ಕೆ ಸ್ನಾನ ಮಾಡಿಸೋದು?"

"ನಾನೇ, ಸಾಹೇಬ್ರೆ," ಎಂದಳು ಹಿಂದೆ ನಿಂತಿದ್ದ ನೀರಜ್ಜಿ.

"ನೀನಾ? ಆ ಕೈ ನೋಡ್ಕೊಂಡಿದೀಯಾ? ಎಮ್ಮೆ ಗೊರಸಿದ್ದಂಗಿದೆ. ದಿನಕ್ಕೆ ಎರಡು ಸಲ ತೊಳಿ, ತಿಕ್ಕಿ ತೊಳಿ. ಕೊಳೆ ಹೋದ್ರೆ ಎಲ್ಲ ವಾಸಿಯಾಗತ್ತೆ. ರಜೆ ಗಿಜೆ ಏನಿಲ್ಲ. ಏಯ್ ಗೂಳೀ! ಇವರನ್ನ ಆಚೆ ದಬ್ಬೋ!"

ಗೂಳಿ ಎಂದರೆ ಕಾವಲಿನವನು. ಗೇಟಿಗೂ ಅವನೇ, ಆಫೀಸಿನ ಬಾಗಿಲಿಗೂ ಅವನೇ. ಆಳು ನೋಡಿದರೆ ಬಾಗಿಲು ತುಂಬುವಂತಿದ್ದ. ಸೊಸೆಯನ್ನು ಬರಿಯ ಕಣ್ಣಿನಿಂದಲೇ ಹೊರಗೆ ಕಳಿಸಿದ. ಮುದುಕಿ ಮಾತ್ರ, "ಒಂದು ಮಾತು ಸಾಹೇಬ್ರೆ," ಎಂದು ನಿಂತುಬಿಟ್ಟಳು. ಗೂಳಿ ರೆಟ್ಟೆ ಹಿಡಿದು ನೂಕಿದ. ಹೊಸಿಲಿನ ಸಿಮೆಂಟಿಗೆ ಎಡ ಮೊಣಕೈ ತರಚಿ, ರಕ್ತ ಜಿನುಗಿತು. ಈ ಭೂಮಿಯ ಮೇಲೆ ಗೂಳಿಯ ಮೈಗೆ ಮೊದಲು ನೀರು ಬಿದ್ದದ್ದು ಇದೇ ಮುದುಕಿಯ ಕಾಲಮೇಲೆ. ಅದು ಅವನಿಗೂ ಗೊತ್ತು. ಅದಕ್ಕೇ ಅವಳ ಮುಖ ನೋಡದೆ ನೂಕಿದ.

ಆ ದೊಡ್ಡ ಬಟ್ಟೆ ಒಗೆಯುವ ಕಾರ್ಖಾನೆಯ ಹಿಂಗೋಡೆಗೆ ಅಂಟಿಕೊಂಡಂತೆ ಕೆಲಸಗಾರರ ಲೈನುಮನೆಗಳಿದ್ದವು. ಒಂದೊಂದು ಕೋಣೆ, ಒಂದೊಂದು ಕಿಟಕಿ, ಎಲ್ಲಕ್ಕೂ ಸೇರಿ ಬೀದಿ ತುದಿಯಲ್ಲಿ ಒಂದು ನಲ್ಲಿ. ಆ ನಲ್ಲಿಯೋ, ಬೆಳಗಿನ ಜಾವ ಒಂದಿಷ್ಟು ಕೆಮ್ಮಿ ಸುಮ್ಮನಾಗುವ ಪೈಕಿ. ಕುಡಿಯಲಿಕ್ಕೆ, ಬೇಯಿಸಲಿಕ್ಕೆ ಅಷ್ಟೇ ಆಗುತ್ತಿತ್ತು. ಆದರೆ ಲೈನಿನವರಿಗೆ ಒಂದು ಭಾಗ್ಯವಿತ್ತು, ಅವರೇ ಹೇಳಿಕೊಳ್ಳುವಂತೆ. ಗೋಡೆಯಿಂದ ಹೊರಬಂದ ಒಂದು ಪೈಪಿನಲ್ಲಿ ಹಗಲೆಲ್ಲ ಬಿಸಿನೀರು ಸುರಿಯುತ್ತಿತ್ತು.

ಒಳಗೆ ಯಂತ್ರದಲ್ಲಿ ಚಾದರಗಳನ್ನು ಸೋಡದ ಪುಡಿ ಹಾಕಿ ಕುದಿಸಿದ ಮೇಲೆ ಮೂರು ಸಲ ನೀರು ಬಿಟ್ಟು ಜಾಲಿಸುತ್ತಿದ್ದರು. ಮೊದಲನೇ ನೀರು, ಎರಡನೇ ನೀರು ಚರಂಡಿಗೆ. ಕೊನೇ ನೀರು ಮಾತ್ರ ಗೋಡೆ ದಾಟಿ ಈಚೆ. ಬೆಚ್ಚಗೆ, ತಿಳಿಯಾಗಿ, ಹೊಸ ಬಟ್ಟೆಯ ವಾಸನೆಯೊಂದಿಗೆ. ಸೌದೆ ಬೇಡ, ಒಲೆ ಬೇಡ. ಲೈನಿನ ಮಕ್ಕಳೆಲ್ಲ ಮಿಂದದ್ದು ಆ ನೀರಿನಲ್ಲೇ. ಮೀಯಿಸಿದವಳು ನೀರಜ್ಜಿ. ಅವಳ ಹೆತ್ತವರಿಟ್ಟ ಹೆಸರು ಈಗ ಅವಳಿಗೇ ನೆನಪಿಲ್ಲದಷ್ಟು ಈ ಹೆಸರು ಅಂಟಿಬಿಟ್ಟಿತ್ತು. "ನಮ್ಮ ಕೂಸುಗಳು ದೊಡ್ಡ ಹೋಟೆಲಿನ ಹಾಸಿಗೆ ಥರ ಘಮ್ ಅಂತವೆ ಕಣ್ರೇ," ಎಂದು ಅವಳು ಹೇಳಿದರೆ ಬಾಣಂತಿಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಈಚೆಗೆ ವಾಸನೆ ಇನ್ನಷ್ಟು ಜೋರಾಗಿತ್ತು. ಪರವಾಗಿಲ್ಲವೇ, ಸೋಪಿನ ಖರ್ಚೂ ಉಳಿಯಿತಲ್ಲ ಎಂದು ಲೈನಿನ ಹೆಂಗಸರು ಖುಷಿಪಟ್ಟಿದ್ದರು.

ಮೊಮ್ಮಗಳ ಮೈ ಕೆಂಪಾದಾಗ ನೀರಜ್ಜಿ ಮೊದಲು ಬೈದದ್ದು ಸೊಸೆಯ ಊಟವನ್ನು. ಆಮೇಲೆ ಸೆಕೆಯನ್ನು. ಆಮೇಲೆ ಯಾರ ಕಣ್ಣೋ ತಾಗಿರಬೇಕು ಎಂದಳು. ಒಳಗೊಳಗೇ ಮಾತ್ರ ಒಂದು ಹುಳ ಕೊರೆಯುತ್ತಿತ್ತು. ನನ್ನ ಕೈಗೇ ಏನಾದರೂ ಬಂತಾ? ಎಷ್ಟೋ ಕೂಸುಗಳನ್ನು ಎರೆದ ಕೈ ಈಗ ಸ್ವಂತ ಮೊಮ್ಮಗಳನ್ನೇ ಸುಲಿಯುತ್ತಿದೆಯಾ?

ಸೊಸೆ ಕಣ್ಣೊರೆಸಿಕೊಳ್ಳುತ್ತ ಇಸ್ತ್ರಿ ಮೇಜಿಗೆ ಹೋದಳು. ನೀರಜ್ಜಿ ಮಗುವನ್ನೆತ್ತಿಕೊಂಡು ಮನೆಗೆ ಬಂದು, ಪೈಪಿನ ನೀರನ್ನು ಬೋಗುಣಿಗೆ ತುಂಬಿಕೊಂಡಳು. ಬೆಳಿಗ್ಗೆ ಒಮ್ಮೆ ಎರೆದಾಗಿತ್ತು. ಆದರೆ ಓದಿದವನು ಹೇಳಿದ್ದಾನೆ, ಎರಡು ಸಲ ತೊಳೆಯಬೇಕಂತೆ. ತಿಕ್ಕುವ ಮಾತನ್ನಂತೂ ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಕೂಸಿನ ಮೈಯನ್ನು ಯಾರಾದರೂ ತಿಕ್ಕುತ್ತಾರಾ, ಅದೇನು ಹೋಟೆಲಿನ ಕಾಲೊರಸು ಬಟ್ಟೆಯೇ?

ಬಚ್ಚಲಿನಲ್ಲಿ ಕಾಲು ನೀಡಿ ಕುಳಿತು ಮಗುವನ್ನು ಕಾಲುಗಳ ನಡುವಿನ ತಗ್ಗಿನಲ್ಲಿ ಮಲಗಿಸಿದಳು. ಅಂಗೈ ಜಡ್ಡುಗಟ್ಟಿ ಹೋಗಿದ್ದರಿಂದ ನೀರಿನ ಹದ ಅದಕ್ಕೆ ತಿಳಿಯುತ್ತಿರಲಿಲ್ಲ. ಕಾರ್ಖಾನೆಯ ತೊಟ್ಟಿಯಲ್ಲಿ ಅರ್ಧ ಆಯಸ್ಸು ಕಳೆದವರ ಕೈಗೆ ಬಿಸಿಯೂ ಒಂದೇ, ತಣ್ಣೀರೂ ಒಂದೇ. ಹಾಗಾಗಿ ಹದ ನೋಡುವುದು ಯಾವಾಗಲೂ ಬಲ ಮೊಣಕೈಯಿಂದ. ಇವತ್ತು ಬಲಗೈ ಮಗುವಿನ ಕುತ್ತಿಗೆಯ ಕೆಳಗಿತ್ತು. ಎಡ ಮೊಣಕೈ ಅದ್ದಿದಳು.

ಬೆಂಕಿ ಇಟ್ಟ ಹಾಗಾಯಿತು.

"ಅಯ್ಯಯ್ಯೋ!" ಎಂದು ಕೈ ಎಳೆದುಕೊಂಡಳು. ನೀರು ಅಷ್ಟು ಕಾದಿದೆಯೇ? ಮಗುವನ್ನು ಎಡಗೈಗೆ ಬದಲಿಸಿ ಬಲ ಮೊಣಕೈ ಅದ್ದಿದಳು. ಹದವಾಗಿದೆ, ಹೂವಿನಂತಿದೆ. ಮತ್ತೆ ಎಡದ್ದು, ತರಚಿದ್ದು. ಮತ್ತೆ ಬೆಂಕಿ. ನೀರಜ್ಜಿ ಬೋಗುಣಿಯನ್ನೇ ನೋಡುತ್ತ ಕುಳಿತಳು. ತಳದ ಗೀರುಗಳೂ ಕಾಣುವಷ್ಟು ತಿಳಿಯಾದ ನೀರು. ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ಲೋಳೆಲೋಳೆ, ಕಹಿ. ತೊಟ್ಟಿಯಲ್ಲಿ ಕೆಲಸ ಮಾಡಿದ ಯಾವ ಹೆಂಗಸಿಗೆ ಸೋಡದ ರುಚಿ ಗೊತ್ತಿಲ್ಲ?

ತರಚಿದ ಒಂದು ಅಂಗುಲ ಚರ್ಮಕ್ಕೆ ಹೀಗಾದರೆ ಈ ಕೂಸಿನ ಮೈತುಂಬ ಎಷ್ಟಾಗಿರಬೇಕು? ಎರೆದಾಗಲೆಲ್ಲ ಕಿಟಾರನೆ ಕಿರುಚಿಕೊಳ್ಳುತ್ತಿತ್ತು. ತಾನು, "ಅಳಬೇಡ ನನ್ನವ್ವ, ಮುಗೀತು, ಮುಗೀತು," ಎನ್ನುತ್ತ ಇನ್ನೊಂದು ತಂಬಿಗೆ ಸುರಿಯುತ್ತಿದ್ದಳು.

ಮಧ್ಯಾಹ್ನ ಊಟಕ್ಕೆಂದು ಮಗ ಬಂದ. ಯಂತ್ರಕ್ಕೆ ಬಟ್ಟೆ ತುಂಬಿ ನೀರು ಬಿಡುವುದು ಅವನ ಕೆಲಸ. ಅವ್ವ ಬೋಗುಣಿಯನ್ನು ಅವನ ಕಾಲ ಬುಡಕ್ಕೆ ತಳ್ಳಿದಳು.

"ನೆಕ್ಕು ಇದನ್ನ."

"ಏನವ್ವ..."

"ನೆಕ್ಕೋ ಬೋಳಿಮಗನೆ, ನೆಕ್ಕಿ ಹೇಳು ಏನಂತ!"

ಮಗ ನೆಕ್ಕಲಿಲ್ಲ. ನೆಕ್ಕುವ ಅಗತ್ಯ ಇಲ್ಲದವನ ಮುಖವಾಗಿತ್ತು ಅದು. ಗೋಡೆಗೆ ಒರಗಿ ಕುಕ್ಕರಿಸಿದ.

"ಮೂರನೇ ನೀರು ನಿಲ್ಲಿಸಿದಾರೆ ಅವ್ವ. ನೀರು ಉಳಿಸಬೇಕಂತೆ. ಈಗ ಎರಡನೇದೇ ಕೊನೇ ನೀರು. ಸೋಡ ಪೂರ್ತಿ ಹೋಗಿರಲ್ಲ. ನಾನು ಮ್ಯಾನೇಜರಿಗೆ ಹೇಳ್ದೆ, ಚಾದರದಲ್ಲೇ ಉಳಿಯತ್ತೆ ಸಾರ್ ಅಂತ. ಒಂದು ರಾತ್ರಿ ಮಲಗಿ ಹೋಗೋರ ಬೆನ್ನು ಕಡಿದ್ರೆ ಕಡೀಲಿ ಬಿಡೋ ಅಂದ. ಹೊರಗೆ ಬಾಯಿಬಿಟ್ರೆ ಲೈನುಮನೆ ಖಾಲಿ ಮಾಡಿಸ್ತೀನಿ ಅಂದ."

"ನಿನ್ನ ಮಗಳಿಗೆ ನಾನು ಎರೀತಿರೋದು ಅದೇ ನೀರು ಅಂತ ಗೊತ್ತಿತ್ತಾ?"

ಅವನು ಬೋಗುಣಿಯನ್ನು ಕಾಲ ಬುಡದಿಂದ ದೂರ ಸರಿಸಿದ.

"ಗೊತ್ತಿತ್ತೇನೋ?"

"ಅಷ್ಟು ತೆಳ್ಳಗಿರೋದು ಏನೂ ಮಾಡಲ್ಲ ಅಂದ್ಕೊಂಡೆ... ಎಲ್ಲಿಗೆ ಹೋಗೋಣ ಅವ್ವ? ಬಾಣಂತಿ ಕಟ್ಕೊಂಡು ಬೀದಿಗೆ ಬೀಳೋಣವಾ? ಹೆದರಿಕೆ ಆಯ್ತು. ಹೆದರಿಬಿಟ್ಟೆ."

ನೀರಜ್ಜಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು, ಕೈ ಏಳಲಿಲ್ಲ. ಹೆದರಿಕೆ ಅವಳಿಗೆ ಹೊಸದೇನಲ್ಲ. ಅವಳೂ ಅದನ್ನೇ ತಿಂದು ಅದನ್ನೇ ಹೊದ್ದು ಮುದುಕಿಯಾದವಳು. ಆದರೆ ಆಗಲೇ ಕೋಣೆಯಲ್ಲಿ ಏನೋ ಕಮ್ಮಿಯಾಗಿದೆ ಅನಿಸಿತು. ಮಗು ಸುಮ್ಮನಾಗಿತ್ತು.

ನಿದ್ದೆಯಲ್ಲ ಅದು. ಕಣ್ಣು ಅರ್ಧ ತೆರೆದಿತ್ತು. ಹಣೆ ಕೆಂಡದಂತೆ ಸುಡುತ್ತಿತ್ತು. ತುಟಿಗೆ ಬೆರಳಿಟ್ಟರೆ ಚೀಪಲಿಲ್ಲ. ಸುತ್ತಿದ ಬಟ್ಟೆ ಬಿಡಿಸಿದಾಗ ತೊಡೆಸಂದಿನ ಚರ್ಮ ಬಟ್ಟೆಯ ಜೊತೆಗೇ ಬಂತು. ಮಗು ಆಗಲೂ ಅಳಲಿಲ್ಲ.

"ಮೊದಲು ಈ ಸೋಡ ತೊಳೀಬೇಕು. ಒಳ್ಳೆ ನೀರು ಕೊಡೋ, ಒಳ್ಳೆ ನೀರು!"

ಮಗ ಕೊಡ ಬಗ್ಗಿಸಿದ. ನಲ್ಲಿಯ ನೀರು ತಳದಲ್ಲಿ ಒಂದು ಲೋಟವಿತ್ತು. ಪಕ್ಕದ ಮನೆಗೆ ಓಡಿದ, ಅದರ ಪಕ್ಕದ ಮನೆಗೂ ಓಡಿದ. ಎಲ್ಲರ ಕೊಡಗಳದ್ದೂ ಅದೇ ಕಥೆ. ಒರೆಸೋಣವೆಂದರೆ ಬಟ್ಟೆ ಯಾವುದಿದೆ? ಲೈನಿನ ಪ್ರತಿ ಚಿಂದಿಯೂ ಪೈಪಿನ ನೀರಿನಲ್ಲಿ ಒಗೆದದ್ದೇ. ಮಗುವಿಗೆ ಸುತ್ತಿದ್ದೂ ಹೋಟೆಲಿನವರು ಹರಿದುಹೋಯಿತೆಂದು ಬಿಸಾಡಿದ ಚಾದರದ ತುಂಡು.

ಒಳ್ಳೆಯ ನೀರು ಎಲ್ಲಿದೆಯೆಂದು ನೀರಜ್ಜಿ ಬೆಳಿಗ್ಗೆ ನೋಡಿದ್ದಳು. ಮ್ಯಾನೇಜರನ ಬೆನ್ನ ಹಿಂದೆ, ಮೂಲೆಯಲ್ಲಿ. ದೊಡ್ಡ ಕ್ಯಾನು ತಲೆಕೆಳಗಾಗಿ ನಿಂತ ಪೆಟ್ಟಿಗೆ, ಅದಕ್ಕೆರಡು ನಲ್ಲಿ. ಒಂದರಲ್ಲಿ ತಣ್ಣೀರು, ಒಂದರಲ್ಲಿ ಬಿಸಿನೀರು.

"ಅವ್ವ, ಬೇಡ," ಎಂದ ಮಗ. "ಈವತ್ತೇ ಮನೆ ಹೋಗತ್ತೆ."

"ಹೋಗ್ಲಿ. ನೀನು ಒಂದು ಚೆಂಬಲ್ಲಿ ಪೈಪಿನ ನೀರು ಹಿಡ್ಕೊಂಡು ನನ್ನ ಹಿಂದೆ ಬಾ. ಬರದಿದ್ರೆ ಇಲ್ಲೇ ಕೂತು ಸಾಯಿ."

ನೀರು ಚೆಲ್ಲಿದ ಬೋಗುಣಿ ಕಂಕುಳಲ್ಲಿ, ಮಗು ಬರಿಮೈಯಲ್ಲಿ ತೋಳಮೇಲೆ. ನೀರಜ್ಜಿ ಇಸ್ತ್ರಿ ಸಾಲಿನ ನಡುವೆ ಹಾದುಹೋದಳು. ಧೈರ್ಯದಿಂದ ಹೋದಳು ಎಂದು ಆಮೇಲೆ ಲೈನಿನವರು ಹೇಳಿದ್ದುಂಟು. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ಕೈಯಲ್ಲಿರುವ ಕೂಸು ಉಸಿರಾಡುತ್ತಿದೆಯೇ ಎಂದು ಹೆಜ್ಜೆಗೊಮ್ಮೆ ಬಗ್ಗಿ ನೋಡುತ್ತಿದ್ದ ಮುದುಕಿಗೆ ಬೇರೆ ಯಾವುದಕ್ಕೂ ಹೆದರಲು ಪುರುಸೊತ್ತಿರಲಿಲ್ಲ, ಅಷ್ಟೇ. ಸೊಸೆ ಅತ್ತೆಯ ಮುಖ ನೋಡಿದವಳೇ ಇಸ್ತ್ರಿಪೆಟ್ಟಿಗೆಯನ್ನು ಚಾದರದ ಮೇಲೇ ಬಿಟ್ಟು ಎದ್ದು ಬಂದಳು. ಹಿಂದೆ ಬಟ್ಟೆ ಸುಟ್ಟ ವಾಸನೆ ಎದ್ದಿತು. ಯಾರೂ ಪೆಟ್ಟಿಗೆ ಎತ್ತಲಿಲ್ಲ.

ಬಾಗಿಲಲ್ಲಿ ಗೂಳಿ ಕೈ ಅಡ್ಡ ಹಿಡಿದ. ಮಗುವನ್ನು ನೋಡಿದ. ಕೈ ಪೂರ್ತಿ ಇಳಿಯಲಿಲ್ಲ, ಆದರೆ ಕುಳ್ಳಿ ಮುದುಕಿ ನುಸುಳುವಷ್ಟು ಜಾಗವಾಯಿತು.

"ಮತ್ತೆ ಬಂದ್ಯಾ? ಏಯ್, ಅಲ್ಲೆಲ್ಲಿ ಹೋಗ್ತಿದೀಯ?"

ನೀರಜ್ಜಿ ಬೋಗುಣಿಯನ್ನು ಪೆಟ್ಟಿಗೆಯ ನಲ್ಲಿಗಳ ಕೆಳಗೆ ಹಿಡಿದಳು. ಬಿಸಿನೀರಿನ ನಲ್ಲಿ ಒತ್ತಿದಳು, ತಣ್ಣೀರಿನದ್ದು ಒತ್ತಿದಳು. ಬಲ ಮೊಣಕೈ ಅದ್ದಿದಳು. ಹದವಾಗಿತ್ತು. ಎಡ ಮೊಣಕೈ, ತರಚಿದ್ದು, ಅದ್ದಿದಳು. ಉರಿಯಲಿಲ್ಲ. ಮ್ಯಾನೇಜರನ ಮೇಜಿನ ಮುಂದಿನ ಮೆತ್ತನೆಯ ನೆಲಹಾಸಿನ ಮೇಲೆ ಕಾಲು ನೀಡಿ ಕುಳಿತು, ಮಗುವನ್ನು ಮಲಗಿಸಿ, ಬೊಗಸೆಯಿಂದ ನೀರು ಬಿಡತೊಡಗಿದಳು. ಕುತ್ತಿಗೆಯ ಮಡಿಕೆಗೆ, ಕಂಕುಳಿಗೆ, ಬೆರಳ ಸಂದಿಗಳಿಗೆ. ಉಜ್ಜಲಿಲ್ಲ, ಒತ್ತಲಿಲ್ಲ, ಸುಮ್ಮನೆ ನೀರನ್ನು ಹರಿಯಗೊಟ್ಟಳು.

"ಕಾರ್ಪೆಟ್! ನನ್ನ ಕುಡಿಯೋ ನೀರು! ಮುಂಡೇದೇ, ಇದೇನು ನಿಮ್ಮಪ್ಪನ ಬಚ್ಚಲಾ?" ಮ್ಯಾನೇಜರ್ ಈಗ ಎದ್ದು ನಿಂತಿದ್ದ.

ಮಗ ಒಳಗೆ ಬಂದ. ಚೆಂಬನ್ನು ಮೇಜಿನ ಮೇಲಿಟ್ಟ.

"ಏನಿದು?"

"ಎರಡನೇ ನೀರು, ಸಾರ್." ಚೆಂಬನ್ನು ಮುಂದಕ್ಕೆ ಸರಿಸಿದ. "ಕೂಸಿಗೆ ಎರೆದದ್ದು. ನೀವೊಂದು ಸಲ ಮುಖ ತೊಳ್ಕೊಳ್ಳಿ, ಸಾರ್. ಕಣ್ಣು ಬಿಟ್ಕೊಂಡು."

ಬಾಗಿಲ ಹೊರಗೆ ಇಸ್ತ್ರಿಯ ಹೆಂಗಸರು ಬಂದು ನಿಂತಿದ್ದರು. ಮ್ಯಾನೇಜರ್ ಚೆಂಬನ್ನು ನೋಡಿದ. ಅದರಿಂದ ಒಂದು ಹೆಜ್ಜೆ ಹಿಂದೆ ಸರಿದ. ಆ ಒಂದು ಹೆಜ್ಜೆಯನ್ನು ಅಲ್ಲಿದ್ದವರೆಲ್ಲ ನೋಡಿದರು.

"ಗೂಳೀ! ಎಳೆದು ಬಿಸಾಕೋ ಇವಳನ್ನ! ಏನ್ ನೋಡ್ತಾ ನಿಂತಿದೀಯಾ, ನಿನಗೂ ಕೆಲಸ ಬೇಡವಾ?"

ಗೂಳಿ ಒಳಗೆ ಬಂದ. ಸೊಸೆ ಅತ್ತೆಯ ಬೆನ್ನಿಗೆ ಅಂಟಿ ಕುಳಿತು ಕಣ್ಣು ಮುಚ್ಚಿಕೊಂಡಳು. ನೀರಜ್ಜಿ ತಲೆ ಎತ್ತಲಿಲ್ಲ. ಬೋಗುಣಿಯ ನೀರು ಮುಗಿಯುತ್ತ ಬಂದಿತ್ತು. ನೀರು ಬಿದ್ದರೆ ಸಾಕು ಕಿರುಚುತ್ತಿದ್ದ ಮಗು ಈಗ ಬಾಯಿ ಅರ್ಧ ತೆರೆದು ಸುಮ್ಮನೆ ಮಲಗಿತ್ತು. ಎದೆ ಏಳುತ್ತಿದೆಯೋ, ತನ್ನ ಕಾಲು ನಡುಗುತ್ತಿರುವುದೋ ಅವಳಿಗೆ ತಿಳಿಯಲಿಲ್ಲ. ಇಷ್ಟು ದಿನ ಅಳಬೇಡ ಅಳಬೇಡ ಎಂದು ಬೇಡಿದ ಮುದುಕಿ ಬಗ್ಗಿ ಅದರ ಕಿವಿಗೆ ಬಾಯಿಟ್ಟಳು.

"ಅಳೇ ನನ್ನವ್ವ. ಅಳು. ಒಂದು ಸಲ ಅಳು."

ಹಿಂದೆ ಗುಳಗುಳ ಸದ್ದಾಯಿತು. ಕ್ಯಾನಿನೊಳಗೆ ದೊಡ್ಡದೊಂದು ಗುಳ್ಳೆ ಮೇಲೇರಿತು. ಗೂಳಿ ಮಂಡಿಯೂರಿ ಮ್ಯಾನೇಜರನ ಲೋಟ ಹಿಡಿದು ಎರಡೂ ನಲ್ಲಿಗಳನ್ನು ಒತ್ತುತ್ತಿದ್ದ. ಹದ ನೋಡಲು ತುಂಬಿದ ಲೋಟದೊಳಗೆ ಅವನ ಮೊಣಕೈ ಹೋಗಲಿಲ್ಲ. ಲೋಟವನ್ನು ಮುದುಕಿಯ ಎಡ ಮೊಣಕೈಯ ಹತ್ತಿರ, ತರಚಿದ ಗಾಯದ ಮೇಲೆ, ತುಸುವೇ ಬಗ್ಗಿಸಿದ.

"ಹದ ನೋಡು, ಅಜ್ಜಿ."