ಕಿವಿ ಮುಟ್ಟುವ ಬೆರಳು

ಆ ವರ್ಷವೆಲ್ಲ ಸೊಣ್ಣಮ್ಮನಿಗೆ ಒಂದೇ ಕನಸು. ಕುಂದಾಣದ ಮನೆಯ ಹಿತ್ತಲಲ್ಲಿ ಚಕ್ಕೋತದ ಮರ ಹೂ ಬಿಟ್ಟಿದೆ. ಅದರಡಿ ಅವಳ ಅವಳಿ ಹೆಣ್ಣುಮಕ್ಕಳು, ಸಪ್ಪಲಮ್ಮ ಮತ್ತು ಮುತ್ಯಾಲಮ್ಮ, ಬಲಗೈಯನ್ನು ತಲೆಯ ಮೇಲಿಂದ ಬಳಸಿ ಎಡಗಿವಿ ಮುಟ್ಟಲು ನೋಡುತ್ತಿದ್ದಾರೆ. ಬಿಳಿ ಹೂವು ಸುರಿಯುತ್ತಲೇ ಇದೆ. ಯಾರು ಸಪ್ಪಲಿ, ಯಾರು ಮುತ್ತಿ ಎಂದು ಹೆತ್ತವಳಿಗೇ ತಿಳಿಯುವುದಿಲ್ಲ. ಎಚ್ಚರವಾದರೆ ಚಾಪೆಯ ಮೇಲೆ ಮುತ್ತಿ ಒಬ್ಬಳೇ ಇರುತ್ತಿದ್ದಳು.

ಸಪ್ಪಲಿ ಹೋದದ್ದು ಅರವತ್ತೇಳರ ದೀಪಾವಳಿ ಕಳೆದ ಮೇಲೆ. ಮೊದಲು ಜ್ವರ, ಆಮೇಲೆ ಮೈಮೇಲೆ ನೀಲಿ ಕಲೆ. ಬೆಂಗಳೂರಿನ ಆಸ್ಪತ್ರೆಗೆ ಹೊತ್ತೊಯ್ದಾಗ ರಕ್ತದ ಕ್ಯಾನ್ಸರ್ ಎಂದರು. ಎರಡು ತಿಂಗಳೂ ಬದುಕಲಿಲ್ಲ. ಬರಿಗೈಯಲ್ಲಿ ಹೊರಟ ತಾಯಿಯನ್ನು ಡಾಕ್ಟರಮ್ಮ ಬೆಂಚಿನ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡರು.

"ಇಬ್ಬರೂ ಒಂದೇ ಮೊಳಕೆ ಒಡೆದು ಎರಡಾದ ಮಕ್ಕಳು ಕಣಮ್ಮ. ಒಬ್ಬಳ ರಕ್ತದಲ್ಲಿದ್ದ ಕೆಡುಕು ಇನ್ನೊಬ್ಬಳಲ್ಲೂ ಇರಬಹುದು. ಇರಲೇಬೇಕು ಅಂತಿಲ್ಲ. ಎರಡು ತಿಂಗಳಿಗೊಂದ್ಸಲ ಕರ್ಕೊಂಡು ಬಾ, ರಕ್ತ ನೋಡ್ತೀವಿ. ಮಗೂಗೆ ಆರು ವರ್ಷ ತುಂಬಿದ್ರೆ ಭಯ ಬಹಳ ಕಮ್ಮಿ ಆಗುತ್ತೆ."

"ಬಸುರೀಲಿ ನಾನೇನಾರ ತಿನ್ಬಾರದ್ದು ತಿಂದಿದ್ನಾ ಅವ್ವಾ?"

"ಇಲ್ಲ. ನಿಂದೇನೂ ತಪ್ಪಿಲ್ಲ. ಮಗು ಹುಟ್ಟಿದ ತಾರೀಖು ಹೇಳು."

ತಾರೀಖು ಯಾರಿಗೆ ಗೊತ್ತು? ಕೆರೆ ಕೋಡಿ ಬಿದ್ದ ವರ್ಷ, ರಾಗಿ ಕುಯ್ಲಿನ ಹೊತ್ತು ಎಂದಳು. ಅಲ್ಲ, ಅದರ ಮುಂದಿನ ವರ್ಷ ಎಂದ ಅವಳ ಗಂಡ ಬೈಲಪ್ಪ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

ಊರಿನಲ್ಲಿ ಆರು ವರ್ಷಕ್ಕೆ ಇದ್ದ ಅಳತೆ ಒಂದೇ. ತಲೆಯ ಮೇಲಿಂದ ಕೈ ಬಳಸಿ ಆಚೆ ಕಿವಿ ಮುಟ್ಟಿದ ಮಗುವಿಗೆ ಆರಾಯಿತೆಂದು ರಾಮಾಂಜಿನಪ್ಪ ಮೇಷ್ಟ್ರು ಶಾಲೆಗೆ ಸೇರಿಸಿಕೊಳ್ಳುತ್ತಿದ್ದರು. ಕಾಯಿಲೆಗೆ ಮುಂಚಿನ ಜೂನ್‌ನಲ್ಲಿ ಅವಳಿಗಳಿಬ್ಬರೂ ಒಂದು ಬೆರಳಗಲ ಸಾಲದೆ ವಾಪಸು ಬಂದಿದ್ದರು. ಈಗ ಸೊಣ್ಣಮ್ಮ ಆ ಬೆರಳಗಲವನ್ನೇ ಕಾಯುತ್ತ ಕೂತಳು. ಕಿವಿ ಸಿಕ್ಕರೆ ಮಗು ಸಿಕ್ಕಿತು ಎಂದು ಅವಳ ಲೆಕ್ಕ.

ದಿನಾ ಬೆಳಗ್ಗೆ ಜಡೆ ಹೆಣೆದ ಕೂಡಲೇ, "ಎಲ್ಲಿ ಮುತ್ತಿ, ಮುಟ್ಟು" ಎನ್ನುವಳು. ಮಿಕ್ಕ ತಾಯಂದಿರು ಮಗುವಿನ ತಲೆಯನ್ನು ಉಪಾಯವಾಗಿ ವಾಲಿಸಿ ಮೇಷ್ಟ್ರ ಕಣ್ಣಿಗೆ ಮಣ್ಣೆರಚುತ್ತಿದ್ದರು. ಇವಳು ಮಾತ್ರ ಗದ್ದ ಹಿಡಿದು ನೆಟ್ಟಗೆ ನಿಲ್ಲಿಸುವಳು. ಮೇಷ್ಟ್ರನ್ನು ಯಾಮಾರಿಸಬಹುದು, ರಕ್ತವನ್ನು ಯಾಮಾರಿಸುವುದು ಹೇಗೆ?

"ಅಳತೆ ಮಾಡಿ ಮಾಡಿ ಮಗೀನ ಕೈಯ್ಯೇ ಉದ್ದ ಮಾಡ್ಬಿಡ್ತೀಯ ಕಣೆ" ಎಂದು ಬೈಲಪ್ಪ ನಗಿಸಲು ನೋಡಿದ. ಅವಳಿಗೆ ನಗು ಬರಲಿಲ್ಲ.

ಎರಡು ತಿಂಗಳಿಗೊಮ್ಮೆ ಬೆಂಗಳೂರಿನ ಬಸ್ಸು, ಮುತ್ತಿಯ ನಡುಬೆರಳಿಗೆ ಸೂಜಿ, ಗಾಜಿನ ಚೂರಿನ ಮೇಲೆ ಒಂದು ಹನಿ ರಕ್ತ. "ಈ ಸಲ ಚೆನ್ನಾಗಿದೆ" ಎನ್ನುವವರೆಗೂ ಸೊಣ್ಣಮ್ಮನ ಜೀವ ಕೈಯಲ್ಲಿರುತ್ತಿತ್ತು. ವಾಪಸು ಬರುವಾಗ ಬಸ್ಸಿನ ಕಿಟಕಿಯ ಗಾಜಿನಲ್ಲಿ ಇನ್ನೊಬ್ಬ ಮುತ್ತಿ ಕಾಣುವಳು. ಹೊಲ, ತೋಪು, ದ್ರಾಕ್ಷಿ ಚಪ್ಪರ ಎಲ್ಲ ಅವಳ ಮೈಯೊಳಗಿಂದಲೇ ಹಾದುಹೋಗುವುವು. ದೇವನಹಳ್ಳಿ ಬರುವವರೆಗೆ ಸೊಣ್ಣಮ್ಮ ಇಬ್ಬರನ್ನೂ ಕರೆದುಕೊಂಡು ಹೋಗುತ್ತಿರುವವಳಂತೆ ಕೂತಿರುತ್ತಿದ್ದಳು.

ಜೂನ್ ಬಂತು. ಶಾಲೆಯ ಜಗಲಿಯ ಮೇಲೆ ಮುತ್ತಿ ನೆಟ್ಟಗೆ ನಿಂತು ಬಲಗೈ ಎತ್ತಿದಳು. ಸೂಜಿ ಚುಚ್ಚಿಸಿಕೊಂಡ ಆ ನಡುಬೆರಳು ಎಣ್ಣೆಗೂದಲ ಮೇಲೆ ಮೆಲ್ಲಗೆ ಇಳಿದು ಎಡಗಿವಿಯನ್ನು ಮುಟ್ಟಿತು.

"ಆಯ್ತು, ಆರು ತುಂಬೈತೆ" ಎಂದು ಮೇಷ್ಟ್ರು ಹಾಜರಿ ಪುಸ್ತಕ ತೆರೆದರು.

ಮುತ್ತಿ ಬಲಗೈ ಇಳಿಸಿ ಎಡಗೈ ಎತ್ತಿದಳು. ಅದನ್ನೂ ತಲೆಯ ಮೇಲಿಂದ ಬಳಸಿ ಬಲಗಿವಿ ಮುಟ್ಟಿದಳು.

"ಒಂದು ಸಾಕು ಕಣವ್ವ" ಎಂದರು ಮೇಷ್ಟ್ರು.

"ಇದು ಅಕ್ಕಂದು ಸಾ. ಅವ್ಳಿಗೂ ಒಂದು ಬೆರಳು ಸಾಲ್ದೆ ಇತ್ತಲ್ಲ."

ಬದುಕಿದವಳ ಭಯದಲ್ಲಿ ಸೊಣ್ಣಮ್ಮನಿಗೆ ಸತ್ತವಳಿಗಾಗಿ ಅಳಲು ಪುರುಸೊತ್ತೇ ಆಗಿರಲಿಲ್ಲ. ಈಗ ಜಗಲಿಯ ಕಂಬ ಹಿಡಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಮೇಷ್ಟ್ರು ಬರೆಯುವುದನ್ನು ನಿಲ್ಲಿಸಿ, ಅವಳ ಅಳು ಮುಗಿಯುವವರೆಗೆ ಕಾದರು.