ಇನ್ನೊಬ್ಬ ಲೇಖಕನ ಒಪ್ಪಿಗೆ

ಹೂವಿನ ವಾಸನೆಯೋ ನೆಲ ಒರೆಸಿದ ಫಿನಾಯಿಲಿನದೋ, ಎರಡೂ ಸೇರಿ ಗಂಟಲಲ್ಲಿ ಕೂತಿದೆ, ಯಾರೋ ಕಿಟಕಿ ತೆರೆದರು, ಹೊರಗೆ ಬಸ್ಸು ನಿಂತು ಉಸ್ಸೆಂದು ಬಾಗಿಲು ಬಿಚ್ಚಿತು, ಜನ ಕೆಲಸಕ್ಕೆ ಹೋಗುತ್ತಿದ್ದಾರೆ, ಮಂಗಳವಾರ ಬೆಳಿಗ್ಗೆ ಮಾಂಟೆವಿಡಿಯೊದಲ್ಲಿ ಜನ ಕೆಲಸಕ್ಕೆ ಹೋಗುತ್ತಾರೆ, ಅದರಲ್ಲೇನು ಆಶ್ಚರ್ಯ, ನಾನು ಮಾತ್ರ ನನ್ನ ತಮ್ಮನ ಶವಪೆಟ್ಟಿಗೆಯಿಂದ ಕೆಲವೇ ಕುರ್ಚಿಗಳಾಚೆ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ, ಪರದೆಯ ಮೇಲೆ ನಮ್ಮಿಬ್ಬರ ಹೆಸರು, ನಿಬಿಯಾ ಲಾರ್ರಾನ್ಯಾಗ, ಅಪಾರಿಸಿಯೊ ಲಾರ್ರಾನ್ಯಾಗ, ನನ್ನ ಹೆಸರಿನ ಪಕ್ಕ ಹಸಿರು ಗುರುತು, ಅವನದರ ಪಕ್ಕ ಕೆಂಪು. ಜುಲ್ಮಾ ಚಿಕ್ಕಮ್ಮ ದನಿ ತಗ್ಗಿಸುವವಳಲ್ಲ, ಮಾತೆ ಎಂಬ ಕಹಿ ಎಲೆಯ ಚಹಾ ತುಂಬಿದ ಸೋರೆಬುರುಡೆಗೆ ಬಿಸಿನೀರು ಬಗ್ಗಿಸುತ್ತ ಎಲ್ಲರಿಗೂ ಕೇಳುವ ಹಾಗೆ ಅನ್ನುತ್ತಿದ್ದಾಳೆ, ನೋಡ್ರೇ ಅವಳನ್ನ, ತಮ್ಮನ ಹೆಣದ ಮುಂದೆ ಆಫೀಸು ತೆಗೆದು ಕೂತವಳೆ, ಇವರಪ್ಪ ಸತ್ತಾಗ್ಲೂ ಹಿಂಗೇ ಯಾವ್ದೋ ಪರೀಕ್ಷೆಗೆ ಓದ್ತಿದ್ಲು. ಹೌದು ಚಿಕ್ಕಮ್ಮ, ಓದುತ್ತಿದ್ದೆ, ಅಪಾರಿಸಿಯೊ ಪಕ್ಕದಲ್ಲಿ ಕೂತು ಪ್ರಶ್ನೆ ಕೇಳುತ್ತಿದ್ದ, ಅಳುತ್ತಲೇ ಕೇಳುತ್ತಿದ್ದ. ಈಗ ಸೋರೆಬುರುಡೆ ನನ್ನ ಕೈಗೆ ಬಂತು, ಹೀರುವ ಕೊಳವೆ ಸುಡುತ್ತದೆ, ಎಲೆಯ ಕಹಿ ನಾಲಿಗೆಗೆ ಹತ್ತುವುದೇ ಇಲ್ಲ, ಕುಡಿದು ವಾಪಸು ಕೊಟ್ಟೆ, ನಮ್ಮ ಪ್ರಬಂಧದ ಗಡುವು ಒಂಬತ್ತು ಗಂಟೆಗೆ, ವಿಜ್ಞಾನ ಸಮಾವೇಶದವರ ಲೆಕ್ಕವೇ ವಿಚಿತ್ರ, ಲೋಕದ ಯಾವುದಾದರೂ ಮೂಲೆಯಲ್ಲಿ ಸೋಮವಾರ ಉಳಿದಿರುವವರೆಗೂ ಪ್ರಬಂಧ ಕಳಿಸಬಹುದು, ಆ ಕೊನೆಯ ಮೂಲೆಯಲ್ಲಿ ಸೋಮವಾರ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಮಂಗಳವಾರ ಬೆಳಗಿನ ಒಂಬತ್ತು. ಅಪಾರಿಸಿಯೊ ಹೋದದ್ದು ಸೋಮವಾರ ಮಧ್ಯಾಹ್ನ. ಎಲ್ಲೋ ಸಮುದ್ರದ ನಡುವೆ ಮನುಷ್ಯರಿಲ್ಲದ ಒಂದು ದಿಬ್ಬದ ಮೇಲೆ ಅವನ ದಿನ ಇನ್ನೂ ಮುಗಿದಿಲ್ಲ.

ಕ್ವಾಂಟಮ್ ಅಂದ್ರೆ ಏನೋ ಮರಿ, ಎಂದು ಇದೇ ಚಿಕ್ಕಮ್ಮ ಕ್ರಿಸ್ಮಸ್ ಊಟದ ಹೊತ್ತಿಗೆ ಕೇಳಿದ್ದಳು, ತಕ್ವಾರೆಂಬೊ ಊರಿನ ಮನೆಯ ಹಿತ್ತಲು, ಕೆಂಡದ ಮೇಲೆ ಕುರಿಯ ಪಕ್ಕೆಲುಬು, ಕೊಬ್ಬು ತೊಟ್ಟಿಕ್ಕುವ ಸದ್ದು, ಅಪಾರಿಸಿಯೊ ಚಾಕು ನೆಕ್ಕುತ್ತ ಹೇಳಿದ, ಚಿಕ್ಕಮ್ಮ, ಕೆಲವು ಸುದ್ದಿ ಇರುತ್ತೆ, ಇಣುಕಿ ನೋಡಿದ್ರೆ ಸಾಕು ಕೆಟ್ಟುಹೋಗುತ್ತೆ, ಅದ್ರಲ್ಲಿ ತಪ್ಪು ಸೇರ್ಕೊಂಡಿದ್ಯಾ ಅಂತ ಅದನ್ನ ನೋಡ್ದೇನೇ ತಿಳ್ಕೋಬೇಕು, ಈಗ ನಿಮ್ ಬೀದೀಲಿ ಯಾರ ಮನೇಲಿ ಜಗಳ ಅಂತ ಅವ್ರ ಮನೆಗೆ ಹೋಗ್ದೆ ಅಕ್ಕಪಕ್ಕದವ್ರನ್ನ ವಿಚಾರಿಸಿ ತಿಳ್ಕೋತೀಯಲ್ಲ, ಅದೇ ನಮ್ ಕೆಲ್ಸ. ಅಷ್ಟಕ್ಕೇ ನಿಂಗೆ ಡಾಕ್ಟರ್ ಪದವಿ ಕೊಟ್ರಾ, ಎಂದಳು ಅವಳು, ನಂಗ್ಯಾಕೆ ಇನ್ನೂ ಕೊಟ್ಟಿಲ್ಲ. ಅಮ್ಮ ನಕ್ಕು ನಕ್ಕು ಕೆಮ್ಮಿದಳು. ಅಕ್ಕಪಕ್ಕದವರನ್ನು ಎಷ್ಟು ಕಡಿಮೆ ಕೇಳಿದರೆ ಸಾಕು ಎಂಬುದೇ ನಮ್ಮ ಪ್ರಬಂಧ, ಎಲ್ಲರೂ ಅಂದುಕೊಂಡದ್ದಕ್ಕಿಂತ ತೀರ ಕಡಿಮೆ ಸಾಕು, ಆ ಹೊಳಹು ಅವನದು, ಊರಿಂದ ಬರುವ ಬಸ್ಸಿನಲ್ಲಿ ಹೊಳೆದದ್ದು, ಇಳಿದವನೇ ಚೀಲ ಹೆಗಲಲ್ಲಿರುವಾಗಲೇ ನನ್ನ ಮನೆ ಬಾಗಿಲು ಬಡಿದ, ಏ ಸಣಕಲಿ, ಪೆನ್ಸಿಲ್ ತಗೋ. ನಾನು ನಂಬಲಿಲ್ಲ. ಚಳಿಗಾಲವಿಡೀ ಅದನ್ನು ಮುರಿಯಲು ನೋಡಿದೆ, ಮುರಿಯಲಿಲ್ಲ, ಮುರಿಯಲಾಗದ್ದನ್ನೇ ಗಣಿತದ ಪುರಾವೆಯಾಗಿ ಬರೆದೆ, ಬರೆಯುವ ತಾಳ್ಮೆ ನನ್ನದು, ಅವನಿಗೆ ಅದಿಲ್ಲ, ಇರಲಿಲ್ಲ, ಇರಲಿಲ್ಲ ಎನ್ನುವುದನ್ನು ಇನ್ನು ಮೇಲೆ ರೂಢಿ ಮಾಡಿಕೊಳ್ಳಬೇಕು. ಆಮೇಲೆ ರಕ್ತದಲ್ಲಿ ಏನೋ ಏರುಪೇರು ಎಂದರು, ಆಮೇಲೆ ಆಸ್ಪತ್ರೆ, ಕೈಗೆ ಚುಚ್ಚಿದ ನಳಿಕೆ, ಬೋಳು ತಲೆಗೆ ಅಮ್ಮ ಹೆಣೆದ ನೀಲಿ ಟೊಪ್ಪಿ, ನಾಲ್ಕನೇ ಭಾಗ ಓದು ಸಣಕಲಿ, ನಿಧಾನವಾಗಿ, ನಾನು ಸತ್ತಿಲ್ಲ ಇನ್ನೂ, ಉತ್ತರ ದೇಶದ ಆ ಸಂಶೋಧಕರ ಗುಂಪೂ ಇದ್ರ ಹಿಂದೇನೇ ಬಿದ್ದಿದೆ, ಅವ್ರು ಮೊದ್ಲು ಕಳಿಸ್ಬಿಟ್ರೆ ನೋಡು, ಆಗ ಖಂಡಿತ ಸಾಯ್ತೀನಿ. ನರ್ಸ್ ಬೈದಳು, ಇಂಥ ಮಾತಾಡಿದ್ರೆ ಊಟಕ್ಕೆ ಬರೀ ಕುಂಬಳಕಾಯಿ ಗಂಜಿ. ಅವನು ನನ್ನ ಕಡೆ ಕಣ್ಣು ಹೊಡೆದ. ಅವಳು ಹೋದ ಮೇಲೆ ನಗು ಇಳಿಯಿತು, ಹೆಸರು ಗಿಸರು ಯಾವ ಕ್ರಮದಲ್ಲಾದ್ರೂ ಹಾಕು, ಆದ್ರೆ ಕಳ್ಸು, ಏನೇ ಆಗ್ಲಿ ಈ ಸಲ ಕಳ್ಸು, ನಂಗೆ ಮಾತು ಕೊಡು. ಕೊಟ್ಟೆ. ಕೊಡದೆ ಏನು ಮಾಡಲಿ.

ಕಳಿಸುವುದು ಸುಲಭವೆಂದುಕೊಂಡಿದ್ದೆ, ಪ್ರತಿ ಲೇಖಕನೂ ತನ್ನ ಮೇಲ್‌ಗೆ ಬಂದ ಕೊಂಡಿಯನ್ನು ಒತ್ತಿ ಇದು ನನ್ನದೂ ಹೌದೆಂದು ಒಪ್ಪಬೇಕು, ಒಪ್ಪದವರಿದ್ದರೆ ಪ್ರಬಂಧ ಒಳಗೆ ಹೋಗುವುದಿಲ್ಲ, ಹೋದ ಮೇಲೆ ಹೆಸರು ಸೇರಿಸುವಂತಿಲ್ಲ, ಕಳ್ಳ ಹೆಸರುಗಳನ್ನು ತಡೆಯಲು ಯಾರೋ ಮಾಡಿದ ನಿಯಮ, ಒಳ್ಳೆಯ ನಿಯಮ. ಆಸ್ಪತ್ರೆಯ ಮೊಗಸಾಲೆಯಿಂದಲೇ ಸಮಾವೇಶದವರಿಗೆ ಬರೆದೆ, ನನ್ನ ಸಹಲೇಖಕ ತೀರಿಕೊಂಡಿದ್ದಾನೆ, ನನ್ನ ತಮ್ಮ, ತಮ್ಮ ಎನ್ನುವುದನ್ನು ಬರೆದು ಅಳಿಸಿ ಮತ್ತೆ ಬರೆದೆ, ಆ ಕ್ಷಣವೇ ಯಂತ್ರದ ಉತ್ತರ ಬಂತು, ನಿಮ್ಮ ಆಸಕ್ತಿಗೆ ಧನ್ಯವಾದ, ಕೆಲಸದ ದಿನಗಳಲ್ಲಿ ಸಂಪರ್ಕಿಸುತ್ತೇವೆ. ಅವನ ಮೇಲ್ ಅವನ ಫೋನಿನಲ್ಲಿ, ಫೋನು ಅಮ್ಮನ ಕೈಚೀಲದಲ್ಲಿ, ಅವನ ಕನ್ನಡಕ ಮತ್ತು ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣದ ಜೊತೆ, ಬೀಗದ ಅಂಕಿ ಇರಬಹುದೆಂದು ನಮ್ಮ ನಾಯಿ ಹುಟ್ಟಿದ ವರ್ಷ ಒತ್ತಿ ನೋಡಿದೆ, ಅಪ್ಪ ಸತ್ತ ವರ್ಷ, ಬೆಳಕಿನ ವೇಗದ ಮೊದಲ ಅಂಕಿಗಳು, ಯಾವುದೂ ಅಲ್ಲ, ಅಷ್ಟು ವರ್ಷ ಒಂದೇ ಮೇಜಿನ ಎದುರುಬದುರು ಕೂತು ಅವನು ಏನನ್ನು ಒತ್ತುತ್ತಾನೆಂದು ನಾನು ನೋಡಿಯೇ ಇರಲಿಲ್ಲ. ಅಮ್ಮ ಬಂದು ಪಕ್ಕದಲ್ಲಿ ಕೂತಳು, ಏನಾಗ್ಬೇಕು ಅದಕ್ಕೆ. ಅವನು ಒಪ್ಕೋಬೇಕಮ್ಮ. ಏನನ್ನ. ಇದು ತನ್ನದೂ ಹೌದು ಅಂತ. ಅವನದಲ್ವಾ ಮತ್ತೆ. ಅವನದೇ, ಆದ್ರೆ ಅವನ ಫೋನಿಂದ ಹೇಳ್ಬೇಕು, ಅಂಕಿ ನಂಗೆ ಗೊತ್ತಿಲ್ಲ, ಇನ್ನು ಅವನ ಬೆರಳಿಗೆ ಮಾತ್ರ ತೆರ್ಕೊಳ್ಳುತ್ತೆ. ಹೇಳಬಾರದಿತ್ತು. ಸುಮ್ಮನೆ ವಿವರಿಸಿದೆ, ನನಗೆ ವಿವರಿಸುವ ಚಟ. ಅಮ್ಮ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಎದ್ದಳು, ಯಾರನ್ನೂ ಕೇಳಲಿಲ್ಲ, ಪೆಟ್ಟಿಗೆಯ ಹತ್ತಿರ ಹೋಗಿ ಚಿಕ್ಕಮ್ಮ ಅವನ ಕೈಗೆ ಸುತ್ತಿದ್ದ ಜಪಮಾಲೆಯನ್ನು ಬಿಡಿಸಿದಳು, ಅವನು ನಂಬದಿದ್ದ ಜಪಮಾಲೆ, ಬಲಗೈ ಎತ್ತಿದಳು, ಅದು ಸುಲಭಕ್ಕೆ ಬರಲಿಲ್ಲ, ಹೆಬ್ಬೆರಳನ್ನು ಗಾಜಿಗೆ ಒತ್ತಿದಳು. ಫೋನು ಸಣ್ಣಗೆ ನಡುಗಿ ಒಲ್ಲೆ ಎಂದಿತು.

ನೆಲಿಡಾ, ಏನೇ ಮಾಡ್ತಿದೀಯ, ಬಿಡೇ ಅಕ್ಕ, ಜನ ನೋಡ್ತಾರೆ, ಚಿಕ್ಕಮ್ಮನ ದನಿ ಇದೇ ಮೊದಲ ಸಲ ತಗ್ಗಿದ್ದು. ನೋಡ್ಲಿ, ನನ್ನ ಮಗನ ಕೈ ಇದು. ಅಮ್ಮ ಮತ್ತೆ ಒತ್ತಿದಳು, ಮತ್ತೆ ನಡುಕ. ತಣ್ಣಗಿದೆ ನೋಡು, ಅದಕ್ಕೇ, ಎಂದಳು, ಬೇರೆ ಯಾರಿಗೂ ಅಲ್ಲ, ಅವನಿಗೇ ಹೇಳಿದಂತೆ, ಆ ಹೆಬ್ಬೆರಳನ್ನು ತನ್ನೆರಡು ಅಂಗೈಗಳ ನಡುವೆ ಇಟ್ಟುಕೊಂಡು ಬಾಗಿದಳು, ಬಾಯಿ ಹತ್ತಿರ ತಂದು ಹಾ ಎಂದು ಉಸಿರು ಬಿಟ್ಟಳು, ತಿಕ್ಕಿದಳು, ಮತ್ತೆ ಉಸಿರು, ನಮ್ಮ ಚಳಿಗಾಲದ ಜುಲೈ ತಿಂಗಳ ಇಬ್ಬನಿಯಲ್ಲಿ ಶಾಲೆಗೆ ಹೊರಡುವಾಗ ಹೀಗೇ, ಗೇಟಿನ ಹತ್ತಿರ, ಮೊದಲು ಅವನ ಕೈ, ಆಮೇಲೆ ನನ್ನದು. ಬಿಸಿಯಿದ್ದರೆ ಸಾಲದಮ್ಮ, ಚರ್ಮದ ಕೆಳಗೆ ಜೀವ ಹರಿಯುತ್ತಿರಬೇಕು, ಗಾಜು ಅದನ್ನು ಹುಡುಕುತ್ತದೆ, ಅದು ನನಗೆ ಗೊತ್ತು, ಹೇಳಲಿಲ್ಲ. ಇಲ್ಲಿಂದಲೇ ಕಾಣುತ್ತಿದೆ, ಫೋನು ಈಗ ಬೆರಳನ್ನು ಕೇಳುವುದನ್ನೂ ನಿಲ್ಲಿಸಿದೆ, ಬರೀ ಅಂಕಿಗಳನ್ನು ಕೇಳುತ್ತಿದೆ, ಅಮ್ಮನಿಗೆ ಕನ್ನಡಕವಿಲ್ಲದೆ ಅದು ಓದಲು ಬರುವುದಿಲ್ಲ. ಒಂಬತ್ತಕ್ಕೆ ಇನ್ನೇನು ಕೆಲವೇ ನಿಮಿಷ, ಅವನ ಹೆಸರಿನ ಮುಂದೆ ಸಣ್ಣದೊಂದು ಗುಂಡಿ, ತೆಗೆದುಹಾಕು ಎಂದಿದೆ, ಹೆಸರು ಗಿಸರು ಯಾವ ಕ್ರಮದಲ್ಲಾದ್ರೂ ಹಾಕು ಅಂದೆಯಲ್ಲೋ, ಹಾಕಬೇಡ ಅನ್ನಲಿಲ್ಲವಲ್ಲ, ಏನೇ ಆಗ್ಲಿ ಅಂದೆ, ಇದೂ ಏನೇ ಆಗಲಿ ಎನ್ನುವುದರೊಳಗೆ ಬರುತ್ತದೆಯೇ, ಹೇಳೋ, ಪಕ್ಕದಲ್ಲಿ ಕೂತು ಪ್ರಶ್ನೆ ಕೇಳುತ್ತಿದ್ದವನು ನೀನು, ಒಂದು ಸಲ ಉತ್ತರ ಹೇಳು. ಒತ್ತಿದೆ. ಖಚಿತವೇ ಎಂದು ಕೇಳಿತು. ಒತ್ತಿದೆ. ಅವನ ಸಾಲು ಮಾಯವಾಗಿ ಕೆಳಗಿದ್ದ ಶೀರ್ಷಿಕೆಯ ಸಾಲು ಮೇಲೆ ಸರಿದು ಆ ಜಾಗವೂ ಉಳಿಯಲಿಲ್ಲ, ಕೆಂಪು ಹೋಯಿತು, ಎಲ್ಲ ಹಸಿರು, ಕಳಿಸಿದೆ, ಸ್ವೀಕರಿಸಲಾಗಿದೆ ಎಂದಿತು, ಲೇಖಕರು ನಿಬಿಯಾ ಲಾರ್ರಾನ್ಯಾಗ, ಒಳಗೆ ಪುಟಪುಟದಲ್ಲೂ ನಾವು, ನಾವು ಊಹಿಸುತ್ತೇವೆ, ನಾವು ತೋರಿಸುತ್ತೇವೆ, ನಾವು ಸಾಧಿಸಿದಂತಾಯಿತು, ಅದನ್ನು ತಿದ್ದಲು ಹೊತ್ತಿರಲಿಲ್ಲ, ತಿದ್ದುತ್ತಲೂ ಇರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದ ಸದ್ದಿಗೆ ಅಮ್ಮ ತಿರುಗಿ ನೋಡದೆಯೇ ಅಂದಳು, ಇರು ನಿಬಿಯಾ, ಕಳಿಸ್ಬೇಡ, ಈಗ ಬೆಚ್ಚಗಾಗ್ತಾ ಇದೆ, ಇನ್ನೊಂದೇ ಸಲ. ಸರಿಯಮ್ಮ, ಕಾಯ್ತೀನಿ. ಹೊರಗೆ ಇನ್ನೊಂದು ಬಸ್ಸು, ಚಿಕ್ಕಮ್ಮ ಗೋಡೆಗೆ ಮುಖ ಮಾಡಿ ನಿಂತಿದ್ದಾಳೆ, ಅಮ್ಮ ಬಾಗಿದ್ದಾಳೆ, ಅವಳ ಅಂಗೈಗಳ ನಡುವೆ ಹೆಬ್ಬೆರಳು, ಅವಳ ಉಸಿರು, ಹೆಬ್ಬೆರಳು, ಉಗುರಿನ ಅಂಚಿನಲ್ಲಿ ಪೆನ್ಸಿಲಿನ ಮಸಿ, ಉಸಿರು, ಹೆಬ್ಬೆರಳು